ಅಕ್ಕನ ಹೆಸರಿನ ಸ್ವೆಟರ್

ನಮ್ಮ ಕಡೆ ಹೆಂಗಸು ಸುಮ್ಮನೆ ಕೂತರೆ ನೋಡುವವರ ಕಣ್ಣಿಗೆ ಏನೋ ಚುಚ್ಚಿದಂತಾಗುತ್ತದೆ. ಅದೇ ಹೆಂಗಸು ಕೈಯಲ್ಲಿ ಮೊರವನ್ನೋ ಹರಿದ ಲಂಗವನ್ನೋ ಹಿಡಿದು ಕೂತರೆ ಆಕೆಯ ತಂಟೆಗೆ ಯಾರೂ ಬರುವುದಿಲ್ಲ. ಈ ಗುಟ್ಟು ತಿಳಿದ ಮೇಲೆಯೇ ನಾನು ಹೆಣಿಗೆ ಕಲಿತದ್ದು. ಎರಡು ಕಡ್ಡಿ, ಒಂದು ಉಂಡೆ ಉಲನ್ ಕೈಯಲ್ಲಿದ್ದರೆ ಎರಡು ತಾಸು ಕೂತಲ್ಲಿಂದ ಏಳದೆ ಇರಬಹುದು, ಮನಸ್ಸನ್ನು ಎಲ್ಲಿಗೆ ಬೇಕಾದರೂ ಅಟ್ಟಬಹುದು, ಮೇಲೆ ‘ಎಂಥ ಕೆಲಸದಾಕೆ’ ಎಂಬ ಹೆಸರು ಬೇರೆ. ಇದರಲ್ಲಿ ತೊಡಕು ಒಂದೇ. ದಾರಿಯಲ್ಲಿ ಹೋಗುವವರೂ ಒಂದು ಕ್ಷಣ ನಿಂತು, ಇದು ಯಾರಿಗೆ ಎಂದು ಕೇಳುತ್ತಾರೆ. ಗಂಡನಿಗೆ, ಮಾವನವರಿಗೆ, ನಾದಿನಿಯ ಕೂಸಿಗೆ ಎಂದರೆ ತಲೆದೂಗಿ ಮುಂದೆ ಹೋಗುತ್ತಾರೆ. ‘ನನಗೆ’ ಎಂದರೆ ಏನು ಮಾಡುತ್ತಾರೆ ಎಂಬುದು ಬಹುಕಾಲ ನನಗೆ ಗೊತ್ತಿರಲಿಲ್ಲ, ಏಕೆಂದರೆ ನಾನು ಹಾಗೆಂದು ನೋಡಿರಲೇ ಇಲ್ಲ.

ಆಳಂದದಂಥ ಬಿಸಿಲೂರಿನಲ್ಲಿ ಸ್ವೆಟರ್ ಯಾಕೆ ಎಂದು ನೀವು ಕೇಳಬಹುದು. ನನ್ನ ಗಂಡ ಕೂಡ ಕೇಳಿದ್ದರು. ಚಳಿ ನಮ್ಮಲ್ಲಿಗೆ ಬೀಗರ ಹಾಗೆ ಬರುತ್ತದೆ, ಇರುವುದು ನಾಲ್ಕು ದಿನ, ಆದರೆ ಆ ನಾಲ್ಕು ದಿನ ಉಪಚಾರದಲ್ಲಿ ಹೆಚ್ಚುಕಡಿಮೆ ಆಗುವಂತಿಲ್ಲ. ಮದುವೆಯಾದ ಹೊಸದರಲ್ಲಿ ಗಂಡನಿಗೆಂದೇ ಒಂದು ಬೂದು ಬಣ್ಣದ ಸ್ವೆಟರ್ ಹೆಣೆದಿದ್ದೆ. ಅದನ್ನು ಅವರು ಮೈಮೇಲೆ ಹಾಕಿಕೊಂಡದ್ದಕ್ಕಿಂತ ಕಲಬುರ್ಗಿ ಬಸ್ಸಿನ ಕಿಟಕಿಯೊಳಗೆ ತೂರಿ ಸೀಟು ಹಿಡಿದದ್ದೇ ಹೆಚ್ಚು. ಮಾವನವರಿಗೆ ಹೆಣೆದ ಮಫ್ಲರ್ ಅವರು ತೀರಿಕೊಂಡ ಮೇಲೆ ಹಾಲಿನ ಬೋಗುಣಿ ಇಳಿಸುವ ಬಟ್ಟೆಯಾಯಿತು. ನಾದಿನಿಯ ಮೂರು ಮಕ್ಕಳಿಗೂ ಕುಲಾಯಿ ಹೆಣೆದೆ. ಮೂರೂ ಮಕ್ಕಳು ಅದನ್ನು ಕಿತ್ತೆಸೆದು ಅತ್ತವು. ಇಷ್ಟಾದರೂ ನಾನು ಹೆಣೆಯುವುದನ್ನು ಬಿಡಲಿಲ್ಲ ಎಂಬುದಕ್ಕೆ ಕಾರಣ ನನ್ನ ತ್ಯಾಗಬುದ್ಧಿಯಲ್ಲ, ಬೇವಿನ ಮರ.

ನಾನು ಮಾಸ್ತರಿಕೆ ಮಾಡುತ್ತಿದ್ದ ಶಾಲೆ ಆಳಂದದಿಂದ ಜಿಡಗಾ ಕಡೆಯ ದಾರಿಯಲ್ಲಿ ಒಂದು ಸಣ್ಣ ಹಳ್ಳಿಯಲ್ಲಿತ್ತು. ಅಂಗಳದಲ್ಲಿ ಬೇವಿನ ಮರ, ಅದರ ಸುತ್ತ ಕಟ್ಟೆ. ಊಟದ ಬಿಡುವಿನಲ್ಲಿ ಗಂಡಸು ಮಾಸ್ತರರು ಚಹದ ಅಂಗಡಿಗೆ ಹೋದರೆ ಆ ಕಟ್ಟೆ ನಮ್ಮದು. ನಾವು ಮೂವರು: ಉರ್ದು ಕಲಿಸುವ ಮೆಹರ್ ಆಪಾ, ಒಂದನೆಯ ಇಯತ್ತೆಯ ಮಕ್ಕಳಿಗೆ ಕಲಿಸುವ ಶಾಂತಾಬಾಯಿ, ನಾನು. ಆಪಾ ನಮ್ಮಿಬ್ಬರಿಗಿಂತ ಹಿರಿಯರು, ಮಾತು ಕಡಿಮೆ, ಅವರ ಹೆಣಿಗೆ ಎಷ್ಟು ಬಿಗಿ ಎಂದರೆ ನೀರು ಹಾಕಿದರೂ ಸೋರದು. ಶಾಂತಾಬಾಯಿಯದು ಬಾಯೂ ಸಡಿಲ, ಕೈಯೂ ಸಡಿಲ. ನಾನು ಇಬ್ಬರ ನಡುವೆ. ಎರಡು ಫಂದಾ ಸೀದಾ ಎರಡು ಫಂದಾ ಉಲ್ಟಾ ಎಂದು ಆಪಾ ಕುಣಿಕೆ ಹಾಕುವುದನ್ನು ಹೇಳಿಕೊಡುವುದು, ಶಾಂತಾಬಾಯಿ ಅದನ್ನು ಎರಡು ಉಲ್ಟಾ ಮೂರು ಸೀದಾ ಮಾಡಿ ಹೊಸ ಡಿಸೈನು ಎನ್ನುವುದು, ಒಬ್ಬರ ಕಡ್ಡಿ ಮುರಿದರೆ ಇನ್ನೊಬ್ಬರ ಡಬ್ಬಿಯಿಂದ ಒಂದು ಹೊರಡುವುದು. ಅತ್ತೆಯ ವಿಷಯ, ಬಡ್ತಿಯ ವಿಷಯ, ಶಾಂತಾಬಾಯಿಗೆ ಎರಡು ಸಲ ಬಸಿರಿಳಿದ ವಿಷಯ, ಎಲ್ಲವನ್ನೂ ನಾವು ಆಡಿಕೊಂಡದ್ದು ಕಣ್ಣು ಕಡ್ಡಿಯ ಮೇಲಿಟ್ಟುಕೊಂಡೇ. ಮುಖ ನೋಡಿ ಹೇಳಲಾಗದ್ದನ್ನು ಹೆಣಿಗೆ ನೋಡುತ್ತ ಹೇಳಬಹುದು. ಆ ಮುಕ್ಕಾಲು ತಾಸು ನನ್ನ ದಿನದಲ್ಲಿ ನನಗೆ ತುಂಬ ಬೇಕಾದ ಹೊತ್ತಾಗಿತ್ತು.

ಆ ಶಾಲೆಗೆ ಏಳು ಗಂಟೆಯ ಬಸ್ಸು ತಪ್ಪಿದರೆ ಮುಂದಿನದು ಹನ್ನೆರಡಕ್ಕೆ. ಬಸ್ಸಿನ ಅರ್ಧ ಕಿಟಕಿಗಳಿಗೆ ಗಾಜು ಇರಲಿಲ್ಲ. ಊರವರ ಮೈಗೆಲ್ಲ ಉಲನ್ ತೊಡಿಸಿದ ನಾನು ಸೆರಗನ್ನು ಎರಡು ಸುತ್ತು ಸುತ್ತಿಕೊಂಡು ಹಲ್ಲು ಕಟಕಟಿಸುತ್ತ ಕೂತಿರುತ್ತಿದ್ದೆ. ಒಂದು ವರ್ಷ ದೀಪಾವಳಿ ಕಳೆದು ತಿಂಗಳಾಗುವ ಹೊತ್ತಿಗೆ ಜವಳಿಗೆಂದು ಸೊಲ್ಲಾಪುರಕ್ಕೆ ಹೋದಾಗ ಒಂದು ಅಂಗಡಿಯಲ್ಲಿ ಬದನೆಕಾಯಿ ಬಣ್ಣದ ಉಲನ್ ಕಂಡಿತು. ಎಳೆ ಬದನೆಕಾಯಿ, ಆಗಷ್ಟೇ ಗಿಡದಿಂದ ಕಿತ್ತದ್ದು, ಅಂಥ ಬಣ್ಣ. ನನ್ನ ಕೈ ಅದರ ಮೇಲೆ ಹೋಗಿ ಕೂತದ್ದು ಏಳಲಿಲ್ಲ. ಇದು ನನಗೆ ಎಂದು ಮನಸ್ಸು ಹೇಳಿದ್ದು ಸ್ಪಷ್ಟವಾಗಿ ಕೇಳಿಸಿತು. ಗಂಡ ಹಿಂದೆ ನಿಂತಿದ್ದರು. ಅವರಿಗೆ ಕೇಳಿಸಿತೇನೋ ಎಂದು ಹೆದರಿ ತಿರುಗಿ ನೋಡಿದೆ. ಅವರು ಅಂಗಿ ಬಟ್ಟೆ ನೋಡುತ್ತಿದ್ದರು.

ಮರುದಿನ ಕಟ್ಟೆಯ ಮೇಲೆ ಉಂಡೆ ಬಿಚ್ಚಿದ್ದೇ ತಡ, ಶಾಂತಾಬಾಯಿ ಕೇಳಿದಳು: “ಬಣ್ಣ ಭಾಳ ಚಂದ ಅದರಿ. ಯಾರಿಗ್ರಿ ಬಾಯಾರ?”

ಗಂಡನಿಗೆ ಎನ್ನುವಂತಿಲ್ಲ, ಆ ಬಣ್ಣವನ್ನು ಯಾವ ಗಂಡಸೂ ತೊಡಲಾರ. ನನಗೆ ಎನ್ನಲು ಬಾಯಿ ತೆರೆದೆ. ಬಾಯಿಂದ ಹೊರಟದ್ದು, “ಅಫಜಲಪುರದಾಗ ನಮ್ಮ ಅಕ್ಕ ಇದ್ದಾಳಲ್ರಿ, ಗೌರಕ್ಕ, ಆಕಿಗ್ರಿ.”

“ಎಂಥ ತಂಗೀನ ಪಡದಾಳ್ರಿ ಆಕಿ,” ಎಂದು ಶಾಂತಾಬಾಯಿ ನಿಟ್ಟುಸಿರು ಬಿಟ್ಟಳು. ಆಪಾ ತಲೆಯೆತ್ತದೆ, “ಅಳತಿ ತಂದೀರೇನು?” ಎಂದರು. ಅಕ್ಕ ಹೆಚ್ಚುಕಡಿಮೆ ನನ್ನಷ್ಟೇ ಇದ್ದಾಳೆ ಎಂದೆ. ಮೊದಲನೆಯ ಸುಳ್ಳಿಗೆ ಒಂಟಿತನ ಕಾಡದಿರಲೆಂದು ಎರಡನೆಯದು. ನನ್ನ ಅಕ್ಕ ತೊಗರಿ ವ್ಯಾಪಾರಸ್ಥರ ಮನೆಯ ಹಿರಿ ಸೊಸೆ. ಆಕೆಯ ಒಂದು ಕುಬುಸದಲ್ಲಿ ನನಗೆ ಎರಡಾಗುತ್ತವೆ.

ಆಮೇಲಿನ ಐದು ವಾರ ನಾನು ಸುಖವಾಗಿದ್ದೆ. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಬೆನ್ನು ಮುಗಿಯಿತು, ಎದೆ ಮುಗಿಯಿತು, ಒಂದು ತೋಳೂ ಮುಗಿಯಿತು. ಯಾರೂ ಇಲ್ಲದಾಗ ಆ ಒಂದೇ ತೋಳನ್ನು ಏರಿಸಿಕೊಂಡು ಕನ್ನಡಿಯ ಮುಂದೆ ನಿಂತದ್ದುಂಟು. ಅಕ್ಕನಿಗೆ ಬೇರೆ ಏನಾದರೂ ಕೊಟ್ಟರಾಯಿತು, ‘ಆಕೆಗೆ ಹಿಡಿಸಲಿಲ್ಲ, ನಾನೇ ಇಟ್ಟುಕೊಂಡೆ’ ಎಂದು ಕಟ್ಟೆಯಲ್ಲಿ ಹೇಳಿದರಾಯಿತು ಎಂದು ಮೂರನೆಯ ಸುಳ್ಳನ್ನೂ ಸಿದ್ಧಮಾಡಿಕೊಂಡಿದ್ದೆ.

ಎಳ್ಳ ಅಮಾವಾಸ್ಯೆಗೆ ಅಕ್ಕ ಬಂದಳು. ಕರೆಯದೆ ಬರುವುದು ಆಕೆಯ ಹಕ್ಕು, ಬಂದರೆ ಎಂಟು ದಿನ ಇರುವುದು ನಮ್ಮ ಸಂತೋಷ. ಹೊಲಕ್ಕೆ ಹೋಗಿ ಭೂತಾಯಿಗೆ ಎಡೆಯೆಂದು ಚರಗ ಚೆಲ್ಲಿ, ಎಲ್ಲ ಕಾಯಿಪಲ್ಲೆ ಕೂಡಿಸಿ ಕುದಿಸಿದ ಭಜ್ಜಿ, ಸಜ್ಜೆ ರೊಟ್ಟಿ ಉಂಡು ಬಂದದ್ದಾಯಿತು. ಮರುದಿನ ನಾನು ಶಾಲೆಗೆ ಬಂದೆ. ಮಧ್ಯಾಹ್ನದ ಬಸ್ಸಿಗೆ, ತಲೆಯ ಮೇಲೆ ರೊಟ್ಟಿಯ ಬುಟ್ಟಿ ಹೊತ್ತು, ಅಕ್ಕನೂ ಬಂದಳು. “ನಿನ್ನ ಗೆಳತ್ಯಾರು ಭಜ್ಜಿ ಉಣಬ್ಯಾಡೇನು?” ಎಂದು ಕಟ್ಟೆಯ ಮೇಲೆ ಬುಟ್ಟಿ ಇಳಿಸಿದಳು. ಕಟ್ಟೆಯ ಮೇಲೆ ನನ್ನ ಸ್ವೆಟರ್ ಹರವಿಕೊಂಡು ಬಿದ್ದಿತ್ತು.

ಶಾಂತಾಬಾಯಿ ಅಕ್ಕನನ್ನು ನೋಡಿದಳು. ಸ್ವೆಟರನ್ನು ನೋಡಿದಳು. ಮತ್ತೆ ಅಕ್ಕನನ್ನು ನೋಡಿದಳು. ಆಮೇಲೆ ಆಕೆಯಿಂದ ತಡೆಯಲಾಗಲಿಲ್ಲ. “ಗೌರಕ್ಕಾರ, ನಿಮ್ಮ ತಂಗಿ ನಿಮಗ ಅಂತ ಐದು ವಾರದಿಂದ ಹೆಣಿಯಾಕತ್ತಾರ್ರಿ. ಗುಟ್ಟಾಗಿ ಕೊಡಬೇಕಂತಿದ್ರು ಕಾಣ್ತದ, ನಾನೇ ಬಾಯಿ ಬಿಟ್ಟೆ.”

ಅಕ್ಕ ಆ ಬಟ್ಟೆಯನ್ನು ಎತ್ತಿಕೊಂಡಳು. ಅದು ಅವಳಿಗೆ ಮೊಣಕೈವರೆಗೂ ಹೋಗುವಂತಿರಲಿಲ್ಲ ಎಂಬುದು ಕುರುಡರಿಗೂ ತಿಳಿಯುತ್ತಿತ್ತು. ಅವಳಿಗೆ ಅದರ ಪರಿವೆಯೇ ಇರಲಿಲ್ಲ. “ನನಗ?” ಎಂದಳು. ಅವಳ ಕಣ್ಣು ತುಂಬಿತ್ತು. ಇಪ್ಪತ್ತು ಮಂದಿಯ ಮನೆಯಲ್ಲಿ ಬೆಳಗಿನಿಂದ ರೊಟ್ಟಿ ಬಡಿಯುವ ನನ್ನ ಅಕ್ಕ, ಬೇರೆಯವರ ಬಟ್ಟೆ ಮಡಚಿಡುವುದಕ್ಕಲ್ಲದೆ ಒಂದು ಬಟ್ಟೆಯನ್ನು ಹೀಗೆ ಕೈಯಲ್ಲಿ ಹಿಡಿದದ್ದನ್ನು ನಾನು ನೋಡಿರಲಿಲ್ಲ. ಆಗ ನಾನು ಏನು ಹೇಳಬೇಕಿತ್ತು, ನೀವೇ ಹೇಳಿ.

ಆಪಾ ಸ್ವೆಟರನ್ನು ಕೈಗೆ ತೆಗೆದುಕೊಂಡು ಗೇಣು ಹಾಕಿ ಅಕ್ಕನ ಬೆನ್ನು ಅಳೆದರು. “ಅಳತಿ ತಪ್ಪ್ಯಾದ,” ಎಂದರು. ಕೊನೆಯ ಗಂಟು ಬಿಚ್ಚಿ ಎಳೆ ಹಿಡಿದು ಜಗ್ಗಿದರು. ಹೆಣಿಗೆಯಲ್ಲಿ ಇದೊಂದು ಕ್ರೂರವಾದ ಸಂಗತಿ, ಕಟ್ಟಲು ಐದು ವಾರ, ಬಿಚ್ಚಲು ಒಂದು ಊಟದ ಬಿಡುವು. ಆದರೆ ಅಂದು ಆಪಾ ಅವಸರ ಮಾಡಲಿಲ್ಲ. ಸಾಲು ಬಿಚ್ಚುತ್ತಿದ್ದರು, ನಿಲ್ಲುತ್ತಿದ್ದರು, ಮತ್ತೆ ಬಿಚ್ಚುತ್ತಿದ್ದರು. ತೋಳು ಹೋಯಿತು, ಎದೆ ಹೋಯಿತು. ಬಿಚ್ಚಿದ ಎಳೆ ನೆಲಕ್ಕೆ ಬೀಳಬಾರದಲ್ಲ, ಅದನ್ನು ನಾನು ಉಂಡೆ ಸುತ್ತುತ್ತಿದ್ದೆ. ಸುತ್ತುವಾಗ ನಕ್ಕೆ ಕೂಡ. ಭಜ್ಜಿಗೆ ಇನ್ನಷ್ಟು ಉಪ್ಪು ಬೇಕಿತ್ತು ಎಂದು ಶಾಂತಾಬಾಯಿಗೆ ಹೇಳಿದ ನೆನಪು.

ಸುರುಳಿ ಸುರುಳಿಯಾದ ಉಲನ್ನನ್ನು ಮನೆಯಲ್ಲಿ ಬಿಸಿನೀರಿಗೆ ಅದ್ದಿ, ಕೆಳಗೆ ತಂಬಿಗೆ ಕಟ್ಟಿ ತೂಗುಬಿಟ್ಟು ನೆಟ್ಟಗೆ ಮಾಡಿದೆ. ಅಕ್ಕನ ಅಳತೆಗೆ ಅದು ಸಾಲಲಿಲ್ಲ. ಆಪಾ ತಮ್ಮಲ್ಲಿದ್ದ ಹಸಿರು ತಂದರು, ಶಾಂತಾಬಾಯಿ ಬಿಳಿ ತಂದಳು. ಅಕ್ಕ ಹೋಗುವುದರೊಳಗೆ ಮುಗಿಯಬೇಕೆಂದು ಬೆನ್ನು ಆಪಾ ಹಿಡಿದರು, ಎದೆ ನಾನು, ಎರಡು ತೋಳು ಶಾಂತಾಬಾಯಿ. ಏಳು ದಿನಕ್ಕೆ ಸ್ವೆಟರ್ ಆಯಿತು. ಬೆನ್ನು ಬಿಗಿಯಾಗಿ ಅಕ್ಕನನ್ನು ಸೈನಿಕನ ಹಾಗೆ ನಿಲ್ಲಿಸಿತು, ತೋಳುಗಳು ಬೆರಳು ದಾಟಿ ಜೋತುಬಿದ್ದವು. ಅದನ್ನೇ ತೊಟ್ಟುಕೊಂಡು, ತೋಳನ್ನು ಎರಡು ಮಡಿಕೆ ಮೇಲಕ್ಕೆ ಸರಿಸಿ ಅಕ್ಕ ಅಫಜಲಪುರದ ಬಸ್ಸು ಹತ್ತಿದಳು. ಹತ್ತುವ ಮುಂಚೆ ನನ್ನ ಗಲ್ಲ ಹಿಡಿದು, “ನನಗಾಗಿ ಅಂತ ಯಾರೂ ಹಿಂಗ ಕೂತು ಹೆಣದಿದ್ದಿಲ್ಲ ಬೇ,” ಎಂದಳು. ನನಗೆ ಬಹಳ ಸಂತೋಷವಾಯಿತು, ಅಷ್ಟೇ ಹೊಟ್ಟೆಕಿಚ್ಚೂ ಆಯಿತು. ಎರಡೂ ಒಟ್ಟಿಗೆ ಆಗಬಹುದು ಎಂದು ಅಂದು ತಿಳಿಯಿತು.

ಮರುದಿನ ಕಟ್ಟೆಯ ಮೇಲೆ ನನ್ನ ಕೈ ಖಾಲಿ ಇತ್ತು. ಶಾಂತಾಬಾಯಿ ರಜೆಯ ಮೇಲಿದ್ದಳು. ಹೊಟ್ಟೆಯಲ್ಲಿಟ್ಟುಕೊಳ್ಳಲು ಆಗದೆ ಹೇಳಿಬಿಟ್ಟೆ: “ಆಪಾ, ಅದು ನಾ ನನಗಂತ ಹೆಣದಿದ್ದೆರಿ.”

“ಗೊತ್ತಿತ್ತು,” ಎಂದರು ಆಪಾ.

“ಹೆಂಗ್ರಿ?”

“ಗಂಡಗ ಹೆಣಿಯುವಾಗ ನೀವು ಮಾತಾಡಕೋತ ಹೆಣೀತೀರಿ, ಹತ್ತು ಫಂದಾ ಬಿಟ್ರೂ ನಿಮಗ ಖಬರ್ ಇರಂಗಿಲ್ಲ. ಇದನ್ನ ಒಂದೊಂದು ಸಾಲೂ ಎಣಿಸಿ ಹೆಣದ್ರಿ. ಒಂದು ಫಂದಾ ಸೈತ ತಪ್ಪಿದ್ದಿಲ್ಲ.”

ನನಗೆ ಸಿಟ್ಟು ಬಂತು. “ಗೊತ್ತಿದ್ದೂ ಬಿಚ್ಚಿದ್ರೇನು ಮತ್ತ?”

ಆಪಾ ಕಡ್ಡಿ ನಿಲ್ಲಿಸಿದರು. ಅಷ್ಟು ವರ್ಷದಲ್ಲಿ ಅವರು ಹೆಣಿಗೆ ನಿಲ್ಲಿಸಿ ನನ್ನ ಮುಖ ನೋಡಿದ್ದು ಅದೇ ಮೊದಲು. “ಬ್ಯಾಡ ಅಂತೀರಿ ಅಂತ ದಾರಿ ನೋಡಿದೆ. ಎಷ್ಟು ಸಾವಕಾಶ ಬಿಚ್ಚಿದೆ, ನೋಡಲಿಲ್ಲೇನು? ಒಂದು ಸಾಲು ಬಿಚ್ಚಿ ನಿಂದರತಿದ್ದೆ, ಒಂದು ಸಾಲು ಬಿಚ್ಚಿ ನಿಂದರತಿದ್ದೆ. ನೀವು ಉಂಡಿ ಸುತ್ತಕೋತ ಕುಂತ್ರಿ. ಚಲೋ ದುಂಡಗ ಸುತ್ತಿದ್ರಿ.”

ನನಗಾದದ್ದು ಅವಮಾನ, ಅದೂ ನಾನೇ ಮಾಡಿಕೊಂಡದ್ದು. ಆಪಾ ತಮ್ಮ ಡಬ್ಬಿಯಿಂದ ಎರಡು ಕಡ್ಡಿ ತೆಗೆದು ನನ್ನ ಮಡಿಲಲ್ಲಿಟ್ಟರು. “ಉಲನ್ ತರ್ರಿ,” ಎಂದರು, ಅಷ್ಟೇ.

ಸೊಲ್ಲಾಪುರದಲ್ಲಿ ಅದೇ ಬಣ್ಣ ಸಿಗುವ ಹೊತ್ತಿಗೆ ಸಂಕ್ರಾಂತಿ ಕಳೆದಿತ್ತು. ಈ ಸಲ ಶಾಂತಾಬಾಯಿ ಕೇಳಿದಾಗ ನನಗೆ ಎಂದೆ. ಆಕೆ “ಹೌದೇನ್ರಿ” ಎಂದಳು, ಅಂದು ಮಧ್ಯಾಹ್ನವೆಲ್ಲ ತನಗೆ ಯಾವ ಬಣ್ಣ ಒಪ್ಪುತ್ತದೆ ಎಂದು ನಮ್ಮಿಬ್ಬರ ತಲೆ ತಿಂದಳು. ತೋಳು ಸೇರಿಸುವಾಗ ಆಪಾ ಪಕ್ಕದಲ್ಲಿ ಕೂತು ಹಿಡಿದುಕೊಟ್ಟರು. ಒಂದು ಸಾಲನ್ನೂ ಬೇರೆಯವರು ಹೆಣೆಯಲು ನಾನು ಬಿಡಲಿಲ್ಲ, ಅವರೂ ಕೇಳಲಿಲ್ಲ. ಆದರೂ ಆ ಇಬ್ಬರು ಎಡಬಲಕ್ಕೆ ಇರದಿದ್ದರೆ ಅದು ಮುಗಿಯುತ್ತಿರಲಿಲ್ಲ.

ಮುಗಿದದ್ದು ಹೋಳಿ ಹುಣ್ಣಿಮೆ ದಾಟಿದ ಮೇಲೆ. ಬೆಳಿಗ್ಗೆ ತೊಟ್ಟುಕೊಂಡು ಅಡುಗೆಮನೆಯಿಂದ ಹೊರಗೆ ಬಂದೆ. ಅತ್ತೆ ಜೋಳ ಹಸನು ಮಾಡುತ್ತಿದ್ದರು. ಅವರು ಏನೆಂದರೂ ಕೊಡಬೇಕಾದ ಉತ್ತರವನ್ನು ಒಂದು ತಿಂಗಳಿಂದ ಬಸ್ಸಿನಲ್ಲಿ ತಾಲೀಮು ಮಾಡಿದ್ದೆ. “ಇದು ನಂದ್ರಿ ಅತ್ತಿ. ನನಗಂತ ನಾನೇ ಹೆಣಕೊಂಡೇನಿ,” ಎಂದು ಅವರು ಕೇಳುವ ಮೊದಲೇ ಹೇಳಿದೆ. ದನಿ ಸ್ವಲ್ಪ ಏರಿತ್ತು.

“ಹೆಣಕೋ ಬೇ. ಯಾರು ಬ್ಯಾಡಂದಾರ?” ಎಂದು ಅವರು ಮೊರ ಕೊಡವಿದರು. “ಖರೆ, ಈ ಬಿಸಲಾಗ ಯಾಕ?”

ಮೊದಲನೆಯ ಮಾತು ನನಗೆ ಚಾಟಿಯೇಟಿನಷ್ಟು ಉರಿಯಿತು. ಹೋರಾಡಲೆಂದು ಸೊಂಟ ಕಟ್ಟಿ ಬಂದವಳ ಮುಂದೆ ಎದುರಾಳಿಯೇ ಇರಲಿಲ್ಲ. ಎರಡನೆಯ ಮಾತು ಮುಗಿಯುವಷ್ಟರಲ್ಲಿ ಚೀಲ ಎತ್ತಿಕೊಂಡು ಹೋಗಿ ಬಸ್ಸು ಹತ್ತಿದೆ. ಶಾಲೆ ಮುಟ್ಟುವಷ್ಟರಲ್ಲಿ ಬೆನ್ನ ಮೇಲೆ ಬೆವರು ಹರಿಯುತ್ತಿತ್ತು. ಆಪಾ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಚಲೋ ಆಗ್ಯಾದ. ಈಗ ತೆಗೀರಿ, ತಲಿ ತಿರುಗಿ ಬಿದ್ದೀರಿ,” ಎಂದರು. ತೆಗೆಯುವುದಿಲ್ಲ ಎಂದೆ. ಇಷ್ಟು ವರ್ಷ ಕಾದವಳು ಒಂದು ದಿನದ ಬಿಸಿಲಿಗೆ ಹೆದರುವುದೇ?

ನಾಲ್ಕನೆಯ ಇಯತ್ತೆಗೆ ಹೋಗಿ ಮಗ್ಗಿ ಹೇಳಿಸತೊಡಗಿದೆ. ಮಕ್ಕಳ ಕಣ್ಣೆಲ್ಲ ನನ್ನ ಮೇಲೇ ಇತ್ತು. ಕೊನೆಗೆ ಮುಂದಿನ ಸಾಲಿನ ಒಬ್ಬ ಹುಡುಗಿ ಎದ್ದು, “ಬಾಯಾರ, ಜ್ವರ ಬಂದಾವೇನ್ರಿ?” ಎಂದಳು.

“ಇಲ್ಲ,” ಎಂದೆ. “ಇದು ನನ್ನ ಸ್ವೆಟರ್. ನಾನೇ ನನಗಂತ ಹೆಣಕೊಂಡೇನಿ.”

ತಾನು ಕೇಳಿದ್ದಕ್ಕೂ ನಾನು ಹೇಳಿದ್ದಕ್ಕೂ ಏನು ಸಂಬಂಧ ಎಂದು ಆಕೆ ನನ್ನ ಮುಖವನ್ನೇ ನೋಡುತ್ತ ನಿಂತಳು. ಆಮೇಲೆ ಹೋಗಿ ಕಿಟಕಿ ತೆರೆದಳು.