ದೊಡ್ಡಮ್ಮ ಬಿಟ್ಟ ಅರ್ಧ ಬಟ್ಟಲು ಹಾಲು

ನಮ್ಮ ದೊಡ್ಡಮ್ಮನಷ್ಟು ಸಾಧು ಹೆಂಗಸು ಮೂಡಿಗೆರೆ ತಾಲೂಕಿನಲ್ಲೇ ಇಲ್ಲ ಎಂದು ಊರೆಲ್ಲ ಹೇಳುತ್ತದೆ. ಊರಿಗೇನು, ಹೇಳುತ್ತದೆ! ಊರು ಅವರ ಜೊತೆ ಬೆಳಗಿನ ತಿಂಡಿಗೆ ಕೂತಿದೆಯೇ? ಅವರ ಬಟ್ಟಲಲ್ಲಿ ಉಳಿದ ಹಾಲಿನ ವಿಚಾರವಾಗಿ ಅವರೊಡನೆ ವಾದ ಮಾಡಿದೆಯೇ? ನಾನು ಒಂದು ಕಾಫಿ ಕೊಯ್ಲಿನ ಕಾಲ ಪೂರ್ತಿ ಆ ವಾದ ಮಾಡಿದ್ದೇನೆ. ಈಗ ನೆನೆಸಿಕೊಂಡರೂ ಮೈ ಉರಿಯುತ್ತದೆ.

ಅವರು ನನ್ನ ಅಮ್ಮನ ಅಕ್ಕ. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿದವರು. ವಯಸ್ಸಾದ ಮೇಲೆ ನಮ್ಮ ತೋಟದ ಮನೆಗೆ ಬಂದು ನಮ್ಮ ಜೊತೆಯಲ್ಲೇ ಇದ್ದರು. ಮೊದಲ ತಪ್ಪು ನನ್ನದೇ, ಒಪ್ಪಿಕೊಳ್ಳುತ್ತೇನೆ. ತೊಂಬತ್ತರ ದಶಕದ ಕೊನೆಯ ಮಾತು. ಹಣ್ಣು ಕೊಯ್ಯುವ ಕಾಲದಲ್ಲಿ ಬೆಳಿಗ್ಗೆ ಏಳಕ್ಕೆಲ್ಲ ನಾನು ತೋಟದಲ್ಲಿರಬೇಕು. ದೊಡ್ಡಮ್ಮನಿಗೋ ಅಕ್ಕಿರೊಟ್ಟಿ ಹಲ್ಲಿಗೆ ಗಟ್ಟಿ, ಕಡುಬು ಹೊಟ್ಟೆಗೆ ಭಾರ, ಉಪ್ಪಿಟ್ಟು ಗಂಟಲಿಗೆ ಒರಟು. ರೇಗಿಹೋಗಿ ಚಿಕ್ಕಮಗಳೂರಿನಿಂದ ಒಂದು ಪೊಟ್ಟಣ ಕಾರ್ನ್‌ಫ್ಲೇಕ್ಸ್ ತಂದುಕೊಟ್ಟು, ಹಾಲು ಹಾಕಿಕೊಂಡು ತಿನ್ನಿ ಎಂದು ಹೇಳಿ ತೋಟಕ್ಕೆ ಹೋದೆ.

ಮಧ್ಯಾಹ್ನ ಬಂದು ನೋಡಿದರೆ ಇಡೀ ಪೊಟ್ಟಣವನ್ನು ಅವಲಕ್ಕಿಯ ಹಾಗೆ ಮೂರು ನೀರಿನಲ್ಲಿ ತೊಳೆದು, ಹಿಂಡಿ, ಉಂಡೆ ಮಾಡಿ ತಟ್ಟೆಯಲ್ಲಿ ಇಟ್ಟಿದ್ದಾರೆ!

"ಎಂತದು ಮಾರಾಯ್ತಿ, ದುಡ್ಡು ಕೊಟ್ಟು ಅಂಟು ತಂದಿದ್ದೀಯಲ್ಲ?"

"ಅದನ್ನ ತೊಳೀಬಾರ್ದು ದೊಡ್ಡಮ್ಮ!"

"ತೊಳೀದೆ ತಿನ್ನೋಕೆ ನಾವೇನು ಕಾಡುಹಂದಿಗಳಾ?"

ಎರಡನೇ ಪೊಟ್ಟಣ ತಂದೆ. ತೊಳೆಯಲು ಬಿಡದೆ ಎದುರಿಗೆ ಕೂತು ತಿನ್ನಿಸಿದೆ. ಅಲ್ಲಿಗೆ ಮುಗಿಯಿತು, ದೊಡ್ಡಮ್ಮ ಅದಕ್ಕೆ ಬಿದ್ದುಬಿಟ್ಟರು. ರೊಟ್ಟಿ ಕಡಿಯಲಾರದ ಹಲ್ಲು ಇದನ್ನು ಕರುಂ ಕುರುಂ ಎಂದು ಕಡಿಯುತ್ತಿತ್ತು! ಚಕ್ಕೆ ಮೆತ್ತಗಾಗುವ ಮೊದಲೇ ಹೆಕ್ಕಿ ಹೆಕ್ಕಿ ತಿಂದು ಮುಗಿಸಬೇಕು. ಆ ಹೊತ್ತಿನಲ್ಲಿ ಮನೆಗೆ ಬೆಂಕಿ ಬಿದ್ದರೂ ಏಳುವವರಲ್ಲ. ಎಲ್ಲ ತಿಂದಾದ ಮೇಲೆ ಬಟ್ಟಲಲ್ಲಿ ಅರ್ಧದಷ್ಟು ಹಾಲು ಉಳಿಯುತ್ತಿತ್ತು. ಅದನ್ನು ಒಲೆಯ ಪಕ್ಕ ಇಟ್ಟು, "ಚಿನ್ನೀ, ಬಾರವ್ವಾ" ಎಂದು ಬೆಕ್ಕನ್ನು ಕರೆಯುತ್ತಿದ್ದರು. ನಮ್ಮನ್ನು ಒಂದು ದಿನವೂ ಹಾಗೆ ಕರೆದವರಲ್ಲ.

ಬೆಕ್ಕು ಹಾಲು ಕುಡಿದರೆ ನಿನಗೇನು ಹೊಟ್ಟೆಕಿಚ್ಚು ಎಂದು ನೀವು ಕೇಳಬಹುದು. ನನಗೆ ಹೊಟ್ಟೆಕಿಚ್ಚಲ್ಲ ಸ್ವಾಮಿ, ಬೆಕ್ಕಿಗೆ ಹೊಟ್ಟೆ ಕೆಟ್ಟಿತು. ಹೊಟ್ಟೆ ಕೆಟ್ಟ ಬೆಕ್ಕು ಎಲ್ಲಿಗೆ ಹೋಗುತ್ತದೆ? ಕೆದಕಿ ಮುಚ್ಚಲು ಸುಲಭವಾದ ಜಾಗಕ್ಕೆ. ನಮ್ಮ ಮನೆಯಲ್ಲಿ ಅಂಥ ಜಾಗ ಯಾವುದು? ಹಣ್ಣಿನ ಸಿಪ್ಪೆ ಬಿಡಿಸಿ, ತೊಳೆದು, ಕಣದಲ್ಲಿ ಬಿಸಿಲಿಗೆ ಹರವಿದ ಪಾರ್ಚ್‌ಮೆಂಟ್ ಕಾಫಿ ಬೀಜ! ಬೆಚ್ಚಗೆ, ಹಗುರವಾಗಿ, ಬೆಕ್ಕಿನ ಪಾಲಿಗೆ ಹೇಳಿ ಮಾಡಿಸಿದ ಹಾಗಿತ್ತು.

"ಅಮ್ಮಾವ್ರೇ, ಮತ್ತೆ ಮಾಡೈತೆ" ಎಂದು ತೋಟದ ಆಳುಗಳ ಮೇಸ್ತ್ರಿ ದಿನಾ ಬಂದು ವರದಿ ಒಪ್ಪಿಸುತ್ತಿದ್ದ. ನಾನು ದಿನಾ ಒಂದೊಂದು ಮೊರದಷ್ಟು ಕಾಫಿ ತೆಗೆದು ಎಸೆಯುತ್ತಿದ್ದೆ. ಒಂದು ದಿನ ಆಲ್ದೂರಿನಿಂದ ಕಾಫಿ ವ್ಯಾಪಾರಿ ಬಂದರು. ದೊಡ್ಡ ಮನುಷ್ಯರು, ಕಾಫಿಯನ್ನು ಮೂಗಿನಲ್ಲೇ ಅಳೆಯುವವರು. ಕಣದ ಮೂಲೆಯಿಂದ ಒಂದು ಮುಷ್ಟಿ ತೆಗೆದು ಕಣ್ಣು ಮುಚ್ಚಿ ಮೂಸಿದರು. ಮುಚ್ಚಿದ ಕಣ್ಣು ಫಕ್ಕನೆ ಅಗಲವಾಗಿ ತೆರೆಯಿತು.

"ಅಮ್ಮಾ, ಈ ಸಲ ತೋಟಕ್ಕೆ ಎಂತ ಗೊಬ್ಬರ ಹಾಕಿದ್ರಿ?"

ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಜಗಲಿಯಲ್ಲಿ ಕೂತಿದ್ದ ದೊಡ್ಡಮ್ಮ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು!

ಅಂದಿನಿಂದ ಯುದ್ಧ. ಹಾಲು ಕಡಿಮೆ ಹಾಕಿಕೊಳ್ಳಿ ಎಂದೆ. ಚಕ್ಕೆ ಮುಳುಗದಿದ್ದರೆ ರುಚಿಯಿಲ್ಲವಂತೆ. ಉಳಿದದ್ದನ್ನು ಬಚ್ಚಲಿಗೆ ಚೆಲ್ಲಿ ಎಂದೆ. ಕಿವಿ ಮುಚ್ಚಿಕೊಂಡು, "ಹಾಲು ಚೆಲ್ಲಿದ್ರೆ ಹಸು ಬತ್ತಿ ಹೋಗುತ್ತೆ, ಬಾಯಲ್ಲಿ ಅನ್ನಬೇಡ" ಎಂದು ನನಗೇ ಬೈದರು. ಹಾಗಾದರೆ ಕಾಫಿಗೆ ಹಾಕಿಕೊಂಡು ಕುಡಿಯೋಣ ಎಂದರೆ, "ಛೀ, ಎಂಜಲು!" ಚೆಲ್ಲುವ ಹಾಗಿಲ್ಲ, ಮನುಷ್ಯರು ಮುಟ್ಟುವ ಹಾಗಿಲ್ಲ. ಮಡಿಯೂ ಉಳಿಯಬೇಕು, ಹಾಲೂ ಉಳಿಯಬೇಕು, ಸಾಯಬೇಕಾದದ್ದು ಬೆಕ್ಕು!

ಸಾಯುವ ಮಾತು ಸುಮ್ಮನೆ ಬರಲಿಲ್ಲ. ಚಿನ್ನಿಯ ಪಕ್ಕೆಲುಬು ಕಾಣುವಷ್ಟಾಗಿತ್ತು. ಹಿಂದೆ ಕಾಫಿ ಮೂಟೆ ಇಡುವ ಸ್ಟೋರಿನ ಇಲಿಗಳನ್ನೆಲ್ಲ ಒಂದು ಕೈ ನೋಡಿಕೊಳ್ಳುತ್ತಿದ್ದ ಬೆಕ್ಕು ಈಗ ಇಲಿ ಮೂತಿಯ ಮುಂದೆ ಓಡಿದರೂ ತಲೆ ಎತ್ತುತ್ತಿರಲಿಲ್ಲ. ಒಂದು ಬುಟ್ಟಿಯಲ್ಲಿ ಹಾಕಿ, ಬಟ್ಟೆ ಕಟ್ಟಿ, ಜೀಪಿನಲ್ಲಿ ಮೂಡಿಗೆರೆಗೆ ಕರೆದುಕೊಂಡು ಹೋದೆ. ದೊಡ್ಡಮ್ಮನೂ ಹತ್ತಿ ಕೂತರು, ಕೈಯಲ್ಲಿ ಸಣ್ಣ ಥರ್ಮಾಸು. ಅದರಲ್ಲಿ ಏನಿತ್ತು ಎಂದು ಬೇರೆ ಹೇಳಬೇಕೇ?

ದನದ ಡಾಕ್ಟರು ಚಿಕ್ಕ ವಯಸ್ಸಿನವರು, ಸಮಾಧಾನದ ಮನುಷ್ಯ. "ಮರಿಯಲ್ಲಿ ತಾಯಿ ಹಾಲು ಅರಗುತ್ತೆ. ದೊಡ್ಡದಾದ ಮೇಲೆ ಸುಮಾರು ಬೆಕ್ಕುಗಳಿಗೆ ಹಾಲು ಆಗಲ್ಲ. ಮೀನು ಕೊಡಿ, ಮೊಟ್ಟೆ ಕೊಡಿ. ಹಾಲು ಮಾತ್ರ ಬೇಡ. ಇದು ಹಿಂಗೇ ಮುಂದುವರೆದ್ರೆ ಉಳಿಯಲ್ಲ" ಎಂದರು.

ದೊಡ್ಡಮ್ಮ ಅವರನ್ನು ಮೇಲಿಂದ ಕೆಳಗೆ ನೋಡಿದರು. ಹೊರಗೆ ಬಂದ ಮೇಲೆ ಬಸ್ ಸ್ಟ್ಯಾಂಡಿಗೆಲ್ಲ ಕೇಳುವ ಹಾಗೆ ತೀರ್ಪು ಕೊಟ್ಟರು: "ಬೆಕ್ಕಿಗೆ ಹಾಲು ಬೇಡ ಅನ್ನೋ ಡಾಕ್ಟ್ರು, ನಾಳೆ ಮೀನಿಗೆ ನೀರು ಬೇಡ ಅಂತಾನೆ!"

ಆದರೂ ನನ್ನ ಮುಖ ನೋಡಿ ಹೆದರಿದರೋ ಏನೋ, ಇನ್ನು ಕೊಡುವುದಿಲ್ಲ ಎಂದು ಮಾತು ಕೊಟ್ಟರು. ನಾಲ್ಕು ದಿನ ಚಿನ್ನಿ ಚೇತರಿಸಿಕೊಂಡಿತು. ಐದನೆಯ ದಿನ ಮೇಸ್ತ್ರಿ ಬಂದು ತಲೆ ಕೆರೆದುಕೊಂಡು ನಿಂತ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಎನ್ನುವುದು ಗಾದೆ. ನಮ್ಮ ಮನೆಯಲ್ಲಿ ಕಣ್ಣು ಮುಚ್ಚಿದ್ದು ಕುಡಿಸಿದವರು!

ಮರುದಿನ ತೋಟಕ್ಕೆ ಹೊರಟಂತೆ ಮಾಡಿ ಹಿಂದಿನ ಬಾಗಿಲಿನಿಂದ ಬಂದೆ. ಚಿನ್ನಿ ಒಲೆಯ ಪಕ್ಕ ಹಳೆಯ ಗೋಣಿಯ ಮೇಲೆ ಬಿದ್ದುಕೊಂಡಿತ್ತು. ತಲೆ ಎತ್ತುವ ಶಕ್ತಿಯೂ ಇರಲಿಲ್ಲ. ಅಂಥದ್ದರ ಬಾಯಿಯ ಹತ್ತಿರ ದೊಡ್ಡಮ್ಮ ಬಗ್ಗಿ ಬಟ್ಟಲು ಹಿಡಿದಿದ್ದಾರೆ. ನನಗೆ ಎಲ್ಲಿತ್ತೋ ಸಿಟ್ಟು, ಬಟ್ಟಲನ್ನು ಕಿತ್ತುಕೊಂಡೆ.

"ಅದನ್ನ ಕೊಂದೇ ಬಿಡ್ತೀರಾ? ನಿಮ್ಮ ಹಟಕ್ಕೆ ಒಂದು ಜೀವ ಹೋಗಬೇಕಾ? ಹಾಲು ಅಷ್ಟು ದೊಡ್ಡದಾದ್ರೆ ನೀವೇ ಕುಡೀರಿ! ಒಂದು ತೊಟ್ಟು ಬಿಡದೆ ಕುಡೀರಿ, ನಾನು ನೋಡ್ತೀನಿ!"

ಅಷ್ಟು ಜೋರಾಗಿ ಅವರ ಮೇಲೆ ನಾನು ಯಾವತ್ತೂ ಕೂಗಿರಲಿಲ್ಲ. ದೊಡ್ಡಮ್ಮ ಬಟ್ಟಲು ತೆಗೆದುಕೊಂಡರು. ಎರಡು ಗುಟುಕು ಕುಡಿದರು. ನಿಲ್ಲಿಸಿದರು. ಮತ್ತೆ ಬಾಯಿಗಿಟ್ಟರು, ಕೆಮ್ಮಿ ಕೆಳಗಿಟ್ಟರು.

"ಆಗಲ್ಲ ಕಣೆ. ಬಟ್ಟಲು ಖಾಲಿ ಮಾಡಿ ನಂಗೆ ಅಭ್ಯಾಸ ಇಲ್ಲ. ಸ್ವಲ್ಪ ಬಿಡದೆ ಇದ್ರೆ ಇಳಿಯಲ್ಲ."

"ಯಾರಿಗೆ ಅಂತ ಬಿಡ್ತೀರಿ?"

"ಈಗ ಯಾರೂ ಇಲ್ಲ, ನಂಗೊತ್ತು. ಆ ಮನೇಲಿ ನೀನಿದ್ದೆಯಲ್ಲ. ನಂಗೆ ಅಂತ ಒಂದು ಲೋಟ ಹಾಲು ಕೊಡೋರು. ನಿಂಗೆ ಅಂತ ಯಾರೂ ಲೋಟ ಇಡ್ತಿರ್ಲಿಲ್ಲ. ನೀನು ಬಾಗಿಲ ಹತ್ರ ನಿಂತು ನೋಡ್ತಿದ್ದೆ."

ಆ ಮನೆ ಎಂದರೆ ಅವರ ಗಂಡನ ಮನೆ. ಅಲ್ಲಿ ಅವರದು ನಡುವಿನ ಸೊಸೆಯ ಸ್ಥಾನ, ನಾನು ಅವರ ಹಿಂದೆ ಬಂದ ತಂಗಿಯ ಕೂಸು. ಲೋಟ ನನಗೆ ನೆನಪಿತ್ತು. ಕಲಕದೆ ಬಿಟ್ಟ ಸಕ್ಕರೆಯೆಲ್ಲ ತಳದಲ್ಲಿ ನಿಂತು, ಕೆಳಗಿನ ಅರ್ಧ ಭಾಗ ತುಂಬಾ ಸಿಹಿಯಾಗಿರುತ್ತಿತ್ತು. ದೊಡ್ಡಮ್ಮನಿಗೆ ಹಾಲು ಸೇರುವುದಿಲ್ಲ, ಅದಕ್ಕೇ ನನಗೆ ಕೊಡುತ್ತಾರೆ ಎಂದೇ ನಾನು ನಲವತ್ತೆರಡು ವರ್ಷದವಳಾಗುವ ತನಕ ತಿಳಿದುಕೊಂಡಿದ್ದೆ. ಎಂಥ ದಡ್ಡಿ!

ನನ್ನ ಸಿಟ್ಟು ಇಳಿದಿರಲಿಲ್ಲ. ಯಾರ ಮೇಲೆ ಎನ್ನುವುದು ಮಾತ್ರ ಗೊತ್ತಾಗಲಿಲ್ಲ. ಬಟ್ಟಲು ಎತ್ತಿಕೊಂಡು ನಿಂತಲ್ಲೇ ಗಟಗಟ ಕುಡಿದೆ.

"ಅಯ್ಯೋ, ಎಂಜಲು ಕಣೆ!" ಎಂದರು ದೊಡ್ಡಮ್ಮ.

"ಆ ಲೋಟದ್ದು ಎಂಜಲಾಗಿರ್ಲಿಲ್ವಾ?" ಎಂದು ಗದರಿಸಿದೆ. ಅವರು ಸೆರಗಿನಿಂದ ನನ್ನ ಬಾಯಿ ಒರೆಸಿದರು.

ಹದಿನೈದು ದಿನಕ್ಕೆ ಚಿನ್ನಿ ಸ್ಟೋರಿನಲ್ಲಿ ಇಲಿ ಹಿಡಿಯಿತು. ಅಷ್ಟು ದಿನವೂ ಬೆಳಿಗ್ಗೆ ನಾನು ಚಪ್ಪಲಿ ಮೆಟ್ಟುವ ಹೊತ್ತಿಗೆ ಸರಿಯಾಗಿ ಅಡಿಗೆಮನೆಯಿಂದ ಕರೆ ಬರುತ್ತಿತ್ತು: "ಬಾರವ್ವಾ, ಬಿಟ್ಟಿದ್ದೀನಿ." ಕೊಯ್ಲಿನವರು ಗೇಟಿನ ಹತ್ತಿರ ಕಾಯುತ್ತಿದ್ದರು. ಕಾಯಲಿ ಎಂದುಕೊಂಡು ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಿದ್ದೆ.