ಇನ್ಸ್‌ಪೆಕ್ಟರರ ಮಂಡಿ, ಫಳಫಳ ಬಾಟಲಿ

ಇಷ್ಟೆಲ್ಲ ರಾದ್ಧಾಂತಕ್ಕೆ ಮೂಲ ಒಂದು ಬಡಕಲು ಟ್ಯೂಬು. ಅದರ ಒಂದು ತುದಿ ಅಳತೆ-ತೂಕ ಇಲಾಖೆಯ ನಿವೃತ್ತ ಇನ್ಸ್‌ಪೆಕ್ಟರರ ಹೊಸ ಮಂಡಿಯೊಳಗೆ, ಇನ್ನೊಂದು ತುದಿ ಮಂಚಕ್ಕೆ ನೇತುಹಾಕಿದ ಗೀಟು ಹಾಕಿದ ಬಾಟಲಿಯೊಳಗೆ. ಮಂಡಿ ಬದಲಿಸುವ ಆಪರೇಷನ್ ಆದಮೇಲೆ ಅಲ್ಲಿ ಜಿನುಗುವ ರಕ್ತ ಅದರಲ್ಲಿ ಸೇರಬೇಕು, ನರ್ಸ್ ಬಂದು ಅಳತೆ ಬರೆದುಕೊಳ್ಳಬೇಕು.

ಇನ್ಸ್‌ಪೆಕ್ಟರರೇನು ಸಾಮಾನ್ಯ ಆಸಾಮಿಯೇ? ಮೂವತ್ತು ವರ್ಷ ಇವರ ನೆರಳು ಬಿದ್ದರೆ ಸಾಕು, ಪೇಟೆಯ ತಕ್ಕಡಿಗಳೆಲ್ಲ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದವಂತೆ. ಹೇಳಿದವರು ಅವರೇ. ಎದುರುಮನೆಯ ಪೋಸ್ಟ್‌ಮಾಸ್ಟರು ಇದೇ ಆಪರೇಷನ್ ಮಾಡಿಸಿಕೊಂಡು ನಾಲ್ಕನೆಯ ದಿನ ಮನೆ ಸೇರಿದ್ದರು. "ನಾನು ಎರಡನೇ ದಿನಕ್ಕೇ ನಡ್ಕೊಂಡು ಬರ್ತೀನಿ ನೋಡ್ತಿರಿ" ಎಂದು ಇವರು ಬೀದಿಯ ನಾಯಿಗಳಿಗೂ ಬಿಡದೆ ಸಾರಿದ್ದರು. ಇವತ್ತೇ ಆ ಎರಡನೆಯ ದಿನ. ಹೋಗದಿದ್ದರೆ ಬೀದಿಯಲ್ಲಿ ತಲೆ ಎತ್ತುವ ಹಾಗಿಲ್ಲ.

ಬೆಳಗ್ಗೆ ಡಾಕ್ಟರು ಮಂಡಿಯ ಕೆಳಗೆ ದಿಂಬು, ಮೇಲೆ ಮಂಜುಗಡ್ಡೆಯ ಚೀಲ ಇಡಿಸಿ, "ಕಾಲು ಹೀಗೇ ಮಡಚಿರಲಿ. ರಕ್ತ ಕಡಿಮೆ ಹೋಗುತ್ತೆ" ಎಂದು ಹೋದರು. ಬಾಟಲಿಯಲ್ಲಿ ಎಂಬತ್ತು ಎಂ.ಎಲ್. ಇತ್ತು.

ಹತ್ತು ಗಂಟೆಗೆ ಪೋಸ್ಟ್‌ಮಾಸ್ಟರು ವಕ್ಕರಿಸಿದರು. ಒಂದು ಮಂಡಿ ಕೊಯ್ಸಿಕೊಂಡು ಲೋಕದ ಮಂಡಿಗಳಿಗೆಲ್ಲ ಪಂಡಿತರಾದವರು.

"ನೂರು ದಾಟಿದ್ರೆ ಇವರು ಬಿಡಲ್ಲ ಕಣ್ರೀ. ನಂದು ನೂರೈದು ಆಗಿದ್ದಕ್ಕೇ ನಾಲ್ಕು ದಿನ ಕೂರಿಸಿದ್ರು. ಅಲ್ಲ, ಈ ದಿಂಬು ಯಾರಿಟ್ಟಿದ್ದು? ಕಾಲು ಹಾಗೇ ಸೆಟೆದುಹೋಗುತ್ತೆ" ಎಂದು ದಿಂಬು ಎಳೆದೇಬಿಟ್ಟರು.

ಆಸ್ಪತ್ರೆಯಲ್ಲಿ ಜೊತೆಗಿದ್ದ ಇನ್ಸ್‌ಪೆಕ್ಟರರ ಹೆಂಡತಿಯ ತಮ್ಮ ಹಿಂದೆ ಬಿದ್ದಾನೆಯೇ? "ಇಷ್ಟು ತಣ್ಣಗಿಟ್ರೆ ಶೀತ ಎದೆಗೇರುತ್ತೆ ಭಾವ" ಎಂದು ಮಂಜುಗಡ್ಡೆಯನ್ನು ಸಿಂಕಿಗೆ ಸುರಿದ.

ಬಾಟಲಿ ಏರತೊಡಗಿತು. ತೊಂಬತ್ತು. ನೂರ ಹತ್ತು. ಮಧ್ಯಾಹ್ನಕ್ಕೆ ನೂರ ನಲವತ್ತು. ಅದು ಏರಿದಷ್ಟೂ ಇನ್ಸ್‌ಪೆಕ್ಟರರ ಮುಖ ಇಳಿಯಿತು.

"ಲೋ, ಅದನ್ನ ಚೆಲ್ಲಿ ಬಾ."

"ನೀವಾ ಭಾವ ಹೇಳ್ತಿರೋದು? ಅಳತೇಲಿ ಮೋಸ ಮಾಡೋರನ್ನ ಗಲ್ಲಿಗೆ ಹಾಕ್ಬೇಕು ಅಂತಿದ್ರಿ."

"ಹೇಳಿದಷ್ಟು ಮಾಡು."

ಪೋಸ್ಟ್‌ಮಾಸ್ಟರು ಬಾಗಿಲಲ್ಲಿ ಕಾವಲು ನಿಂತು, ಬಂದುಹೋದವರಿಗೆಲ್ಲ ಕೆಮ್ಮಿದರು. ಭಾವಮೈದ ಬಾಟಲಿ ಬಿಚ್ಚಿ, ಚೆಲ್ಲಿ, ಸೋಪು ಹಾಕಿ ಉಜ್ಜಿ ತಂದ. ಅಂಗಡಿಯಲ್ಲಿ ಮಾರಾಟಕ್ಕಿಟ್ಟ ಹಾಗೆ ಫಳಫಳ.

ಅದನ್ನು ಮತ್ತೆ ಟ್ಯೂಬಿಗೆ ಸಿಕ್ಕಿಸುವಷ್ಟರಲ್ಲೇ ನರ್ಸ್ ಬಂದರು. ಬಾಟಲಿಯನ್ನು ಬೆಳಕಿಗೆ ಹಿಡಿದರು. "ಒಂದು ತೊಟ್ಟೂ ಇಲ್ವಲ್ಲ ಸಾರ್?"

"ನಮ್ಮ ಮೈಯೇ ಹಾಗೆ ಸಿಸ್ಟರ್" ಎಂದು ಇನ್ಸ್‌ಪೆಕ್ಟರು ಮೀಸೆ ನೀವಿಕೊಂಡರು. "ರಕ್ತ ಸುಮ್ಮನೆ ಪೋಲು ಮಾಡಲ್ಲ."

ನರ್ಸ್ ಓಡಿಹೋಗಿ ಡಾಕ್ಟರನ್ನು ಎಳೆತಂದರು. ಡಾಕ್ಟರು ಊದಿದ ಮಂಡಿಯನ್ನು ಒತ್ತಿದ್ದೇ ತಡ, ಇನ್ಸ್‌ಪೆಕ್ಟರು ಅರಚಿದ ರಭಸಕ್ಕೆ ಕೆಳಮಹಡಿಯ ಕೂಸುಗಳು ಅಳು ನಿಲ್ಲಿಸಿದವು.

"ಬೆಳಗಿನದನ್ನ ಡ್ಯೂಟಿ ನರ್ಸ್ ಅಳೆದು ಚೆಲ್ಲಿರಬೇಕು. ಆಮೇಲೆ ತೊಟ್ಟೂ ಬಂದಿಲ್ಲ ಅಂದ್ರೆ ಟ್ಯೂಬ್ ಕಟ್ಟಿಕೊಂಡಿದೆ. ರಕ್ತ ಒಳಗೇ ನಿಂತಿರಬೇಕು. ಥಿಯೇಟರ್ ರೆಡಿ ಮಾಡಿ, ಮತ್ತೆ ಬಿಚ್ಚಿ ನೋಡೋಣ."

ಬಿಚ್ಚುವುದೆಂಬ ಮಾತು ಕೇಳಿದ್ದೇ ಇನ್ಸ್‌ಪೆಕ್ಟರು ಎಲ್ಲವನ್ನೂ ಕಕ್ಕಿಬಿಟ್ಟರು. ದಿಂಬು, ಮಂಜುಗಡ್ಡೆ, ಸೋಪು ಒಂದನ್ನೂ ಬಿಡಲಿಲ್ಲ.

ಡಾಕ್ಟರು ಮೂವರನ್ನೂ ಒಂದೊಂದು ನಿಮಿಷ ನೋಡಿದರು. "ನೀವು ಹೇಳ್ತಿರೋದು ಸುಳ್ಳಾದ್ರೆ ರಕ್ತ ಕಟ್ಟಿರೋ ಭಯ. ನಿಜ ಆದ್ರೆ, ಬಾಟಲಿ ಬಿಚ್ಚಿದ್ದಕ್ಕೆ ಸೋಂಕಿನ ಭಯ. ಈಗ ಸ್ಕ್ಯಾನ್ ಮಾಡಿಸ್ತೀನಿ. ಏನೇ ಇದ್ರೂ ಇನ್ನು ಮೂರು ದಿನ ಅಲ್ಲಾಡೋ ಹಾಗಿಲ್ಲ."

"ಅಲ್ಲಿಗೆ ಐದು ದಿನ" ಎಂದರು ಪೋಸ್ಟ್‌ಮಾಸ್ಟರು. ಮುಖದಲ್ಲಿ ಅಂಥ ತೇಜಸ್ಸು ಅವರು ರಿಟೈರಾದ ದಿನವೂ ಕಂಡಿರಲಿಲ್ಲ.

ನರ್ಸ್ ಫೈಲಿನಿಂದ ಒಂದು ಹಾಳೆ ತೆಗೆದು ಪರಪರ ಹರಿದರು.

"ಅದೇನು ಸಿಸ್ಟರ್?"

"ನಿಮ್ಮ ಡಿಸ್ಚಾರ್ಜ್ ಸಾರ್. ಇನ್ನೂರರ ಒಳಗಿದ್ರೆ ಟ್ಯೂಬ್ ತೆಗೆದು ಮನೆಗೆ ಕಳಿಸಿ ಅಂತ ಡಾಕ್ಟ್ರು ಬೆಳಗ್ಗೇನೇ ಬರೆದಿದ್ರು. ಆ ಟ್ಯೂಬ್ ತೆಗೆಯೋಕೇ ನಾನು ಬಂದಿದ್ದು."