ಡ್ರಿಲ್ ಮಾಸ್ತರರ ಆರು ನಿಮಿಷ

ಬೇರೆಯವರ ನಡಿಗೆ ಅಳೆದು ಹೊಟ್ಟೆ ಹೊರೆಯುವವನಿಗೆ ಒಂದು ಸೊಕ್ಕು ತಾನಾಗಿ ಬರುತ್ತದೆ. ಕೈಯಲ್ಲಿ ಗಡಿಯಾರ ಇದೆ, ಕಾಗದದಲ್ಲಿ ಅಂಕಿ ಇದೆ, ಇನ್ನು ತಪ್ಪು ಎಲ್ಲಿಂದ ಬರಬೇಕು ಎಂಬ ಸೊಕ್ಕು. ನನಗೂ ಇತ್ತು. ರಾಯಚೂರಿನ ಒಂದು ಆಸ್ಪತ್ರೆಯ ಹೃದಯ ವಿಭಾಗದಲ್ಲಿ ನನ್ನ ಕೆಲಸ ಇಷ್ಟೇ: ಹೃದಯದ ಶಕ್ತಿ ಕುಂದಿದವರನ್ನು ಉದ್ದನೆಯ ವರಾಂಡದಲ್ಲಿ ಆರು ನಿಮಿಷ ನಡೆಸುವುದು, ಎಷ್ಟು ದೂರ ಆಯಿತೆಂದು ಬರೆಯುವುದು, ಆಮೇಲೆ ಸ್ನಾನ ತಾವೇ ಮಾಡುತ್ತೀರಾ, ಮೆಟ್ಟಿಲು ಹತ್ತುತ್ತೀರಾ ಎಂದೆಲ್ಲ ಕೇಳಿ ಗುರುತು ಹಾಕುವುದು. ಅದನ್ನು ನೋಡಿಯೇ ಡಾಕ್ಟರು ಮಾತ್ರೆ ಹೆಚ್ಚು ಕಡಿಮೆ ಮಾಡುತ್ತಾರೆ.

ಕೇಳಲು ಸುಲಭ. ಆದರೆ "ನಡೀರಿ" ಅಂದರೆ ನಮ್ಮ ಜನ "ಎಲ್ಲಿಗಿ?" ಅನ್ನುತ್ತಾರೆ. ದೇವದುರ್ಗದ ಅಜ್ಜಿಯೊಬ್ಬಳು ವರಾಂಡದ ತುದಿಯಲ್ಲಿ ತಿರುಗಲೆಂದು ಇಟ್ಟ ಕುರ್ಚಿಯನ್ನು ಸುತ್ತುವಾಗಲೆಲ್ಲ ಅದಕ್ಕೆ ಕೈ ಮುಗಿಯುತ್ತಿದ್ದಳು. "ಯವ್ವಾ, ಅದು ಬರೇ ಕುರ್ಚಿ" ಅಂದೆ. "ಇರ್ಲಿ ಬಿಡಪ್ಪಾ, ಸುತ್ತಂತೂ ಹಾಕಾಕತ್ತೀನಿ" ಅಂದಳು. ಪೋತ್ನಾಳದವರೊಬ್ಬರು ಮೂರನೇ ನಿಮಿಷಕ್ಕೆ ಚಹಾ ನೆನಪಾಗಿ ಹಾಗೇ ಗೇಟು ದಾಟಿ ಹೋದರು.

ಹೋದ ವರ್ಷ ಮಾನ್ವಿಯಿಂದ ವೀರಭದ್ರಪ್ಪ ಮಾಸ್ತರರು ಬಂದರು. ನನ್ನ ಹೈಸ್ಕೂಲಿನ ಡ್ರಿಲ್ ಮಾಸ್ತರರು. ಅವರು ಸೀಟಿ ಊದಿದರೆ ಬಯಲಿನ ಎಮ್ಮೆಗಳೂ ಸಾಲಾಗಿ ನಿಲ್ಲುತ್ತಿದ್ದವು. ಜೊತೆಯಲ್ಲಿ ಹೆಂಡತಿ ಈರಮ್ಮ.

"ಲೇ ಖಾಜಾ, ನೀನೇನಲೇ ನನ್ನ ನಡಸಾಂವ?" ಅಂದರು. ನನ್ನ ಕಾಲುಗಳು ತಾವಾಗಿಯೇ ಜೋಡಿಸಿಕೊಂಡು ನಿಂತವು.

"ಸುಸ್ತಾದ್ರ ನಡುವ ಕೂಡಬಹುದು ಸರ್."

"ಕೂಡಾಕ ರಾಯಚೂರ್ ತನಕ ಬರಬೇಕಾಗಿತ್ತೇನು?" ಎಂದು ಎದೆ ಸೆಟೆಸಿ ಹೊರಟರು.

ಈರಮ್ಮ ನನ್ನ ಪಕ್ಕಕ್ಕೆ ಬಂದು, "ತಮ್ಮಾ, ಮನ್ಯಾಗ ಇವ್ರು..." ಎಂದು ಶುರು ಮಾಡಿದರು. ನಾನು ಗಡಿಯಾರದಿಂದ ಕಣ್ಣು ತೆಗೆಯದೆ, "ನಡಿಯೋ ಮುಂದ ಮಾತಾಡಬಾರದು, ಸುಮ್ಕಿರ್ರಿ" ಅಂದೆ. ಆ ನಿಯಮ ನಡೆಯುವವರಿಗೆ, ನೋಡುವವರಿಗಲ್ಲ ಎಂಬುದು ಆಗ ಹೊಳೆಯಲಿಲ್ಲ. ಮಾಸ್ತರರು ಒಮ್ಮೆಯೂ ನಿಲ್ಲಲಿಲ್ಲ. ಕೊನೆಗೆ ಬೆವರಲ್ಲಿ ತೊಯ್ದು ಗೋಡೆ ಹಿಡಿದರು. ನನ್ನ ಪ್ರತಿ ಪ್ರಶ್ನೆಗೂ ಒಂದೇ ಉತ್ತರ: "ಏನೂ ತ್ರಾಸ ಇಲ್ಲ, ಬರಕೋ." ಬರೆದುಕೊಂಡೆ. ಅವರಿಗೆ ಎದುರು ಪ್ರಶ್ನೆ ಹಾಕುವ ಧೈರ್ಯ ಮೂವತ್ತು ವರ್ಷದ ಮೇಲೂ ನನಗೆ ಬಂದಿರಲಿಲ್ಲ. ಡಾಕ್ಟರು ನನ್ನ ಕಾಗದ ನೋಡಿ ಖುಷಿಪಟ್ಟು, ಇದ್ದ ಮಾತ್ರೆಯನ್ನೇ ಮುಂದುವರಿಸಿದರು.

ಮೂರು ವಾರಕ್ಕೆ ಮಾಸ್ತರರು ಆಂಬುಲೆನ್ಸಿನಲ್ಲಿ ಬಂದರು. ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಐಸಿಯು ಬಾಗಿಲಲ್ಲಿ ಈರಮ್ಮನ ಮುಂದೆ ಹೋಗಿ ನಿಂತೆ. ಬೈದಿದ್ದರೆ ಚೆನ್ನಾಗಿತ್ತು.

"ಜಳಕದ ಮನಿಯಿಂದ ಮಂಚಕ್ಕ ಬರೋದ್ರಾಗ ಎರಡು ಸಲ ಕೂಡ್ತಿದ್ರು ತಮ್ಮಾ. ಮಲಗಿದ್ರ ಉಸಿರು ಹಿಡೀತದ ಅಂತ ಗ್ವಾಡಿಗಿ ಆನಕೊಂಡು ಕುಂತಿರ್ತಿದ್ರು. ಅದನ್ನ ಹೇಳಾಕ ಬಂದಿದ್ದೆ. ನೀ ಸುಮ್ಕಿರ್ರಿ ಅಂದಿ."

ಅಷ್ಟೇ ಹೇಳಿದ್ದು. ನೇರವಾಗಿ ಡಾಕ್ಟರ ಹತ್ತಿರ ಹೋಗಿ ನಡೆದದ್ದನ್ನೆಲ್ಲ ಒಪ್ಪಿಕೊಂಡೆ. ಅವರು, "ಇನ್ನು ಮೇಲೆ ಮನೆಯವರನ್ನೂ ಕೇಳು" ಎಂದರು.

ಪುಣ್ಯಕ್ಕೆ ಮಾಸ್ತರರು ಬದುಕಿದರು. ಎರಡು ತಿಂಗಳಿಗೆ ಮತ್ತೆ ಪರೀಕ್ಷೆಗೆ ಬಂದಾಗ ಈರಮ್ಮನನ್ನು ಕೂಡಿಸಿ ಮೊದಲು ಅವರ ಮಾತು ಬರೆದುಕೊಂಡೆ. ಕಾಗದದ ಹಿಂಬದಿಯೂ ಸಾಲಲಿಲ್ಲ. ನಡುನಡುವೆ ಮಾಸ್ತರರ ಸಿಟ್ಟಿನ ವರದಿಯೂ ಸೇರಿತ್ತು. ಆಮೇಲೆ ಮಾಸ್ತರರು ನಾಲ್ಕು ಸುತ್ತು ನಡೆದು, ಯಾರನ್ನೂ ನೋಡದೆ ಕುಳಿತುಬಿಟ್ಟರು.

"ಅವತ್ತು ಯಾಕ್ ಸರ್ ಸುಳ್ಳು ಹೇಳಿದ್ರಿ?" ಅಂದೆ.

"ಶಿಷ್ಯನ ಮುಂದ ಕೂಡಾಕ ನಾಚಿಕಿ ಬಂತಲೇ." ಉಸಿರು ಸುಧಾರಿಸಿಕೊಂಡು ಮುಂದುವರಿಸಿದರು: "ಆದ್ರ ನೀ ಹೆಂಗ ನಂಬಿದಿ? ಸಾಲ್ಯಾಗ ಎರಡು ಸುತ್ತು ಓಡಿ, ಬೇವಿನ ಗಿಡದ ಹಿಂದ ಕುಂತು ಬಂದು, ಐದಾತ್ರೀ ಸರ್ ಅಂತಿದ್ದಿ. ಅಂಥಾಂವಗ ಸುಳ್ಳಿನ ಗುರ್ತು ಹತ್ತಬಾರದೇನು?"

"ನಿಮಗ ಗೊತ್ತಿತ್ತಾ ಸರ್?"

"ಗೊತ್ತಿಲ್ದ ಏನು? ಎರಡಾದ್ರೂ ಓಡ್ಯಾನಲ್ಲ ಅಂತ ಐದು ಬರಕೊಂತಿದ್ದೆ."

ಅವರಿಗೆ ಟೋಪಿ ಹಾಕಿದೆನೆಂದು ಇಷ್ಟು ವರ್ಷ ಒಳಗೊಳಗೇ ಹಿಗ್ಗುತ್ತಿದ್ದೆ. ಈ ಸಲ ನಾಲ್ಕು ಸುತ್ತನ್ನು ನಾಲ್ಕೇ ಎಂದು ಬರೆದೆ. ಬರೆಯುವಾಗ ತಲೆ ಎತ್ತಿ ಅವರ ಮುಖ ನೋಡಲು ಮಾತ್ರ ನನ್ನಿಂದ ಆಗಲಿಲ್ಲ.